ಬೆಂಜಮಿನ್ ಅಂಕಲ್‌ಗಾಗಿ ಸ್ತೋತ್ರ

ದೇವರ ಹತ್ತಿರ ಮಾತಾಡಲು ನನಗೆ ಹೆದರಿಕೆಯಿಲ್ಲ. ತಪ್ಪಿದರೆ ಅವನು ಕ್ಷಮಿಸುತ್ತಾನೆ. ನಾನು ಹೆದರುವುದು ಅದನ್ನು ಎದುರಿಗೆ ಕೂತು ಕೇಳುವ ನಮ್ಮ ಪುತ್ತೂರಿನ ಸಭೆಯವರಿಗೆ. ಅದಕ್ಕೇ ನಮ್ಮ ಆರಾಧನೆಯ ಪುಸ್ತಕ ನನಗೆ ಬಹಳ ಇಷ್ಟ. ಎಲ್ಲಿ ನಿಲ್ಲಬೇಕು, ಎಲ್ಲಿ ಮೊಣಕಾಲೂರಬೇಕು, ಎಲ್ಲಿ ಆಮೆನ್ ಎನ್ನಬೇಕು, ಎಲ್ಲವೂ ಅಚ್ಚಾಗಿದೆ. ತಪ್ಪಲು ಜಾಗವೇ ಇಲ್ಲ ಎಂದುಕೊಂಡಿದ್ದೆ.

ಬಿಷಪ್ಪರು ಬರುವ ಭಾನುವಾರ ಮಧ್ಯಸ್ಥಿಕೆಯ ಪ್ರಾರ್ಥನೆಯನ್ನು ನಾನೇ ನಡೆಸಬೇಕೆಂದು ಸಭಾಪಾಲಕರು ಹೇಳಿದ ದಿನದಿಂದ ನನಗೆ ಊಟ ಸೇರಲಿಲ್ಲ. ಕೆಲಸ ಸಣ್ಣದೇ. ಲೋಕಕ್ಕಾಗಿ, ಕಾಯಿಲೆಯವರಿಗಾಗಿ ಬೇಡಿ, ಕೊನೆಗೆ ತೀರಿಹೋದವರ ಹೆಸರು ಹೇಳಿ ಸ್ತೋತ್ರ ಸಲ್ಲಿಸುವುದು. ಪ್ರತಿ ಭಾಗ ಮುಗಿದಾಗ ಸಭೆ, “ಕರ್ತನೇ, ನಮ್ಮ ಪ್ರಾರ್ಥನೆಯನ್ನು ಲಾಲಿಸು” ಎನ್ನುತ್ತದೆ. ಹೆಸರುಗಳನ್ನು ದಪ್ಪ ಅಕ್ಷರದಲ್ಲಿ ಬರೆದುಕೊಂಡು ಒಂದು ವಾರ ಅಡುಗೆಮನೆಯಲ್ಲಿ ಓದಿದೆ. ಹೆಂಡತಿ ಗ್ರೇಸಿ ಒಗ್ಗರಣೆ ಹಾಕುತ್ತಾ, “ಇನ್ನು ಸಾಕು ಮಾರಾಯ್ರೆ, ದೇವರಿಗೇ ಬಾಯಿಪಾಠ ಬಂದಿರಬೇಕು” ಎಂದಳು.

ಅಕ್ಷರ ದಪ್ಪವಾದದ್ದೇ ಕೆಟ್ಟದ್ದಾಯಿತು. ಕಾಯಿಲೆಯವರ ಪಟ್ಟಿಯ ಕೊನೆಯ ಹೆಸರು ಮುಂಬದಿಯಲ್ಲಿ ಹಿಡಿಸದೆ ಹಾಳೆಯ ಹಿಂಬದಿಗೆ ಹೋಗಿ, ತೀರಿಹೋದವರ ತಲೆಯ ಮೇಲೆ ಕೂತಿತ್ತು. ಭಾನುವಾರ ಬಿಷಪ್ಪರ ಉದ್ದ ಕೋಲು ಓರೆಗಣ್ಣಿಗೆ ಬಿದ್ದದ್ದೇ ಯಾವ ಪಟ್ಟಿ ಎಲ್ಲಿ ಮುಗಿಯುತ್ತದೆ ಎಂಬುದೇ ಮರೆತುಹೋಯಿತು. ಹಾಳೆ ತಿರುಗಿಸಿ ಗಂಭೀರವಾಗಿ, “ನಿನ್ನಲ್ಲಿ ನಿದ್ರೆಹೋದ ನಂಬಿಗಸ್ತ ಸೇವಕರಾದ ಕುಂಬ್ರದ ಬೆಂಜಮಿನ್...” ಎಂದುಬಿಟ್ಟೆ.

ಬೆಂಜಮಿನ್ ಅಂಕಲ್ ಮೂರನೆಯ ಬೆಂಚಿನಲ್ಲಿ ನೋವಿನ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಕೂತಿದ್ದರು. ಉಳಿದ ಹೆಸರುಗಳನ್ನು ಹೇಗೆ ಓದಿದೆನೋ ಗೊತ್ತಿಲ್ಲ. ಸಭೆ ಒಂದೇ ಸ್ವರದಲ್ಲಿ, “ಕರ್ತನೇ, ನಮ್ಮ ಪ್ರಾರ್ಥನೆಯನ್ನು ಲಾಲಿಸು” ಎಂದಿತು. ಎಲ್ಲರಿಗಿಂತ ಗಟ್ಟಿ ಸ್ವರ ಬೆಂಜಮಿನ್ ಅಂಕಲ್‌ರದ್ದು.

ಯಾರಿಗೂ ಗೊತ್ತಾಗಿರಲಿಲ್ಲ. ನಾನು ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಪಾಪನಿವೇದನೆಯನ್ನು ಪ್ರತಿ ವಾರ ಓದಿ ಅಭ್ಯಾಸವಾದ ಬಾಯಿ ನೋಡಿ! ಆರಾಧನೆ ಮುಗಿದದ್ದೇ ಬಾಗಿಲಲ್ಲಿ ಅವರ ಕೈ ಹಿಡಿದು, “ಅಂಕಲ್, ತಪ್ಪಾಯ್ತು. ನಿಮ್ಮನ್ನು ತೀರಿಹೋದವರೊಟ್ಟಿಗೆ ಓದಿದೆ” ಎಂದೆ.

“ಎಂತ? ಯಾವಾಗ?” ಎಂದವರು ನನ್ನ ಹಾಳೆ ತೆಗೆದುಕೊಂಡು ತಿರುಗಿಸಿ ನೋಡಿದರು. ಮುಖ ಬಿಳಿಚಿಕೊಂಡಿತು. “ಅಯ್ಯೋ ಮಾರಾಯ, ನಾನೂ ಲಾಲಿಸು ಅಂತ ಹೇಳಿದೆನಲ್ಲ! ಬಿಷಪ್ಪರೂ ಹೇಳಿದ್ರು! ಅದನ್ನು ಈಗ ವಾಪಸ್ ತೆಗೆಯುದು ಹೇಗೆ?”

ಅವರನ್ನು ಸಮಾಧಾನ ಮಾಡಲು, ದಿನಾ ಬೆಳಿಗ್ಗೆ ಒಂದು ಫೋನ್ ಮಾಡಿ ಎಂದೆ. ಈಗ ಏಳು ಗಂಟೆಗೆ ಸರಿಯಾಗಿ ಫೋನ್ ಬರುತ್ತದೆ. “ಇದ್ದೇನೆ ಮಾರಾಯ” ಎಂದು ಇಟ್ಟುಬಿಡುತ್ತಾರೆ. ಹಾಗೆ ಹೇಳಿದ ಮೇಲೆ ಅವರು ನೆಮ್ಮದಿಯಿಂದ ಕಾಫಿ ಕುಡಿಯುತ್ತಾರಂತೆ. ಏಳು ಐದಾದರೂ ಫೋನ್ ಬರದ ದಿನ ಕುಂಬ್ರಕ್ಕೆಂದು ಸ್ಕೂಟರ್ ಹೊರಗೆ ತೆಗೆಯುವವನು ನಾನು.