ಆಲೂಗೆಡ್ಡೆ ಮಂಡಿಯಲ್ಲಿ ನನ್ನ ಮಗನ ತೂಕ

"ಮೂರೇ ವಾರ! ಮೂರು ವಾರದಲ್ಲಿ ನಿನ್ನ ಮಗನನ್ನು ಬೆತ್ತದಂತೆ ಮಾಡಿ ನಿಲ್ಲಿಸದಿದ್ದರೆ ನನ್ನ ಹೆಸರು ದೊಡ್ಡನಾರಾಯಣಪ್ಪನೇ ಅಲ್ಲ!"

೧೯೭೯ರ ದೀಪಾವಳಿಯ ಮರುದಿನ, ಸುಗಟೂರಿನ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಈ ಭೀಷ್ಮ ಪ್ರತಿಜ್ಞೆ ಮಾಡಿದೆ. ನನ್ನ ಹೆಂಡತಿ ವೆಂಕಟರತ್ನಮ್ಮ ಬಾಣಲೆಯಿಂದ ಕಜ್ಜಾಯ ಎತ್ತುತ್ತಾ, "ಹಂಗಾದ್ರೆ ಬೇರೆ ಹೆಸರು ಈಗ್ಲೇ ನೋಡಿಟ್ಕೊಳ್ಳಿ" ಎಂದಳು.

ಮಗ ಕೋದಂಡ ಕೋಲಾರದಲ್ಲಿ ಕಾಲೇಜು ಸೇರಿದಾಗ ನುಗ್ಗೆಕಾಯಿಯಂತಿದ್ದ. ಎರಡೇ ವರ್ಷ! ಗೆಳೆಯರ ಸಹವಾಸ, ಬಸ್‌ಸ್ಟ್ಯಾಂಡ್ ಹೋಟೆಲಿನ ಮಸಾಲೆ ದೋಸೆ, ಮ್ಯಾಟಿನಿಯ ಬೋಂಡ ಎಲ್ಲ ಸೇರಿ ಅವನನ್ನು ಕುಂಬಳಕಾಯಿ ಮಾಡಿದವು. ಅವನಿಗಿದ್ದ ಏಕೈಕ ವ್ಯಾಯಾಮ ಬಸ್ಸಿನ ಹಿಂದೆ ಓಡುವುದು. ಪರಿಚಯವಾದ ಮೇಲೆ ಕಂಡಕ್ಟರು ಬಸ್ಸು ನಿಲ್ಲಿಸತೊಡಗಿ ಅದೂ ತಪ್ಪಿಹೋಯಿತು.

ಆದರೆ ತಾತನ ಗರಡಿಯ ತೋಳು ಅವನಿಗೆ ಬಂದಿತ್ತು. ಕಾಲೇಜಿನ ಕುಸ್ತಿ ತಂಡದಲ್ಲಿ ಅರವತ್ತೆಂಟು ಕೆ.ಜಿ. ಒಳಗಿನವರ ಜಾಗ ಖಾಲಿಯಿತ್ತು. ವ್ಯಾಯಾಮದ ಮೇಷ್ಟ್ರು ಇವನನ್ನು ತೂಗಿದರೆ ಎಪ್ಪತ್ತೆರಡು! "ನಾಲ್ಕು ಕೆ.ಜಿ. ಇಳಿಸು, ಬೆಂಗಳೂರಿನ ಪಂದ್ಯಕ್ಕೆ ಕರ್ಕೊಂಡು ಹೋಗ್ತೀನಿ" ಎಂದಿದ್ದರು. ಹುಟ್ಟಿದಾಗಿನಿಂದ ಊಟ ಬಿಟ್ಟು ಬೇರೇನೂ ಕೇಳದ ಹುಡುಗ, "ಅಪ್ಪಾ, ಹೆಂಗಾದ್ರೂ ಇಳಿಸಪ್ಪಾ" ಎಂದು ಕಣ್ಣಲ್ಲಿ ನೀರು ತಂದುಕೊಂಡ.

ಸರಿ, ಯುದ್ಧ ಘೋಷಣೆ! ಅರ್ಧ ಮುದ್ದೆ, ಸೊಪ್ಪಿನ ಸಾರು, ತುಪ್ಪ ಗಡಿಪಾರು. ಬೆಳಿಗ್ಗೆ ಕೆರೆ ಕಟ್ಟೆಯ ಮೇಲೆ ಓಟ. ಹಿಂದೆ ಸೈಕಲ್ಲಿನಲ್ಲಿ ಪೀಪಿ ಊದುತ್ತಾ ನಾನು. ತೂಕ? ನಾನು ಮಿಡ್ಲ್‌ ಸ್ಕೂಲಿನ ಲೆಕ್ಕದ ಮೇಷ್ಟ್ರು, ಅಂದಾಜು ನನಗಾಗದು. ಭಾನುವಾರ ನಮ್ಮ ಹೊಲದ ಆಲೂಗೆಡ್ಡೆ ಹೋಗುವ ನರಸಿಂಹಪ್ಪನವರ ಮಂಡಿಯಲ್ಲೇ ತೂಗುವುದೆಂದು ತೀರ್ಮಾನಿಸಿದೆ. ಅಲ್ಲಿ ತೂಕ ಹಾಕುವ ಪೆದ್ದಪ್ಪ ಮೂವತ್ತು ವರ್ಷ ತೂಗಿ ತೂಗಿ ಪಳಗಿದವನು.

ಮೊದಲ ಭಾನುವಾರ ಮಗನನ್ನು ತೂಕದ ಹಲಗೆಯ ಮೇಲೆ ಹತ್ತಿಸಿದೆ. ಪೆದ್ದಪ್ಪ ಇಡೀ ಮಂಡಿಗೆ ಕೇಳುವಂತೆ ಕೂಗಿದ: "ಎಪ್ಪತ್ತೂ!"

ಎರಡು ಕೆ.ಜಿ. ಮಾಯ! ಆನಂದ ತಡೆಯಲಾರದೆ ಎದುರಿನ ಹೋಟೆಲಿಗೆ ಕರೆದೊಯ್ದು ಮಗನಿಗೆ ಎರಡು ಮಸಾಲೆ ದೋಸೆ ಕೊಡಿಸಿದೆ. ಗೆದ್ದವನಿಗೆ ಬಹುಮಾನ ಬೇಡವೆ?

ಎರಡನೇ ವಾರ ಮಗ ಮಂಡಿಗೆ ಓಡಿಕೊಂಡೇ ಬಂದ, ಬೆವರಿನಲ್ಲಿ ತೊಯ್ದು ತೊಪ್ಪೆ. "ಅರವತ್ತೊಂಬತ್ತೂ!" ಮೂರು ದೋಸೆ, ಒಂದು ಮೈಸೂರುಪಾಕು. ಮೂರನೇ ವಾರ ಗದ್ದೆಯ ಮೇಲೆ ಅಡ್ಡ ಓಡಿ, ಮೊಣಕಾಲವರೆಗೂ ಕೆಸರು ಮೆತ್ತಿಕೊಂಡು ಬಂದ. "ಅರವತ್ತೇಳೂ!" ಆ ದಿನದ ದೋಸೆಗಳನ್ನು ನಾನು ಎಣಿಸಲಿಲ್ಲ. ಸೋಮವಾರ ಸ್ಟಾಫ್ ರೂಮಿನಲ್ಲಿ ಮಾತ್ರ ಅರ್ಧ ಗಂಟೆ ಭಾಷಣ ಮಾಡಿದೆ: "ದೇಹ ಎನ್ನುವುದು ಕಳೆಯುವ ಲೆಕ್ಕ, ಸ್ವಾಮಿ!"

ಮರುದಿನ ತಂಡ ಹೊರಡುವುದಿತ್ತು. ಮಗನ ಹಣೆಗೆ ಕುಂಕುಮವಿಡಲು ಹೆಂಡತಿಯೂ ಕಾಲೇಜಿಗೆ ಬಂದಳು. ವ್ಯಾಯಾಮದ ಮೇಷ್ಟ್ರು ಕೋದಂಡನನ್ನು ತೂಗಿದರು. ಮುಳ್ಳು ಅರವತ್ತೆಂಟನ್ನು ದಾಟಿತು. ಎಪ್ಪತ್ತನ್ನು ದಾಟಿತು. ನನ್ನ ಎದೆಯನ್ನೂ ದಾಟಿ ಎಪ್ಪತ್ತಾರಕ್ಕೆ ಹೋಗಿ ನಿಂತಿತು!

"ಏನ್ ಮೇಷ್ಟ್ರೇ, ಇಳಿಸಿ ಅಂದ್ರೆ ಏರಿಸಿದ್ದೀರಲ್ಲ!" ಎಂದರು ಅವರು.

"ಯಂತ್ರ ಕೆಟ್ಟಿದೆ!" ಎಂದು ಕಿರುಚಿದೆ. ಪಾಪ, ಮೇಷ್ಟ್ರು ತಾವೇ ಹತ್ತಿ ತೋರಿಸಿದರು. ಕೆಟ್ಟಿರಲಿಲ್ಲ. ತಂಡದ ವ್ಯಾನು ಕೋದಂಡನನ್ನು ಬಿಟ್ಟು ಹೊರಟಿತು. ಅವನು ಅದು ತಿರುವು ದಾಟುವವರೆಗೂ ನೋಡುತ್ತಾ ನಿಂತ.

ಹೆಂಡತಿ, ಮಗನೊಡನೆ ನೇರ ಮಂಡಿಗೆ ನುಗ್ಗಿದೆ. "ಏನೋ ಪೆದ್ದಪ್ಪಾ, ಅರವತ್ತೇಳು ಅಂದ್ಯಲ್ಲೋ! ಅಲ್ಲಿ ಎಪ್ಪತ್ತಾರು!"

ಪೆದ್ದಪ್ಪ ತಣ್ಣಗೆ ತಲೆಯಾಡಿಸಿದ. "ಸರಿಯಾಗೈತಲ್ಲ ಸ್ವಾಮಿ. ಎಪ್ಪತ್ತಾರೇ ಇದ್ದಿದ್ದು. ಆಲೂಗೆಡ್ಡೆ ಮೂಟೆಗೆ ಕಳೆಯೋ ಹಂಗೇ ಚೀಲಕ್ಕೆ ಎರಡು, ತೇವಕ್ಕೆ ಮೂರು, ಮಣ್ಣಿಗೆ ನಾಲ್ಕು ಕಳೆದೆ. ಉಳಿದಿದ್ದು ಅರವತ್ತೇಳು."

"ಚೀಲ ಎಲ್ಲಿತ್ತೋ?!"

"ಪ್ಯಾಂಟು, ಷರಟು ಇತ್ತಲ್ಲ? ಮೊದಲ್ನೇ ವಾರ ಅದೊಂದನ್ನೇ ಕಳೆದೆ. ಆಮೇಲೆ ಬೆವತು ಬಂದ, ತೇವಕ್ಕೂ ಕಳೆದೆ. ಕೆಸರಲ್ಲಿ ಬಂದ, ಮಣ್ಣಿಗೂ ಕಳೆದೆ. ಕಳೀದೆ ಕೂಗೋಕೆ ನನ್ನ ಬಾಯಿ ಬರಲ್ಲ ಸ್ವಾಮಿ, ಮೂವತ್ತು ವರ್ಷದ ಅಭ್ಯಾಸ!"

ಕೋದಂಡ ಬಿಕ್ಕಿದ. "ನಾನು ಇಳೀತಿದೀನಿ ಅಂದ್ಕೊಂಡೇ ದೋಸೆ ತಿಂದೆ ಕಣಪ್ಪಾ!"

ವೆಂಕಟರತ್ನಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಪೆದ್ದಪ್ಪನ ಜನ್ಮ ಜಾಲಾಡಿಸುತ್ತಾಳೆಂದು ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಅವಳು ನನ್ನ ರಟ್ಟೆ ಹಿಡಿದು ತೂಕದ ಹಲಗೆಯ ಮೇಲೆ ನಿಲ್ಲಿಸಿದಳು.

"ಪೆದ್ದಪ್ಪಾ, ನಮ್ ಯಜಮಾನರನ್ನೂ ಒಂದ್ಸಲ ತೂಗಪ್ಪ. ಇವರ ಬಡಾಯಿ ಕಳೆದ್ರೆ ಎಷ್ಟು ಉಳೀತೈತೆ, ನೋಡಿಬಿಡಾಣ."

ಪೆದ್ದಪ್ಪ ಯಂತ್ರವನ್ನು ಮುಟ್ಟಲೂ ಇಲ್ಲ. ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ. ಆಮೇಲೆ ಎಂದಿನಂತೆ, ಇಡೀ ಮಂಡಿಗೆ ಕೇಳುವಂತೆ ಕೂಗಿದ:

"ಖಾಲಿ ಚೀಲಾ!"