ಮಣಿಕಟ್ಟಿನ ಮೇಲೊಂದು ಕೆಂಪು ಬಿಲ್ಲೆ

ಕ್ಷೌರಿಕ ನಾಜೂಕಣ್ಣ ಮೇಷ್ಟ್ರ ಎಡಗೆನ್ನೆ ಬೋಳಿಸಿ ಮುಗಿಸಿ ಬಲಗೆನ್ನೆಗೆ ಕತ್ತಿ ತಂದಾಗ, ಅವನ ಅಂಗಿಯ ತೋಳು ನಾಲ್ಕು ಬೆರಳಷ್ಟು ಹಿಂದಕ್ಕೆ ಸರಿಯಿತು. ಆಗಿದ್ದು ಇಷ್ಟೇ.

"ಏನಯ್ಯಾ ಅದು?" ನಿವೃತ್ತ ಮೇಷ್ಟ್ರು ಕನ್ನಡಿಯಲ್ಲೇ ಕಣ್ಣರಳಿಸಿದರು.

ಮಣಿಕಟ್ಟಿನ ಮೇಲೆ ನಾಣ್ಯದಗಲದ ಕೆಂಪು ಬಿಲ್ಲೆ. ವಾರದಿಂದ ಅದು ಇತ್ತು. ನಾಜೂಕಣ್ಣ ಯಾರೂ ನೋಡದಾಗ ತುರಿಸಿಕೊಂಡು, ಯಾರಾದರೂ ನೋಡಿದಾಗ ತೋಳು ಎಳೆದುಕೊಂಡು ಕಾಲ ತಳ್ಳುತ್ತಿದ್ದ.

"ಏನಿಲ್ಲ ಮೇಷ್ಟ್ರೇ, ಸ್ವಲ್ಪ ನವೆ."

ನವೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮೇಷ್ಟ್ರು ಕುರ್ಚಿಯಿಂದ ಎಗರಿದರು. ಕೊರಳಿನ ಬಟ್ಟೆ ಕಿತ್ತೆಸೆದು, ಬಲಗೆನ್ನೆಯ ನೊರೆ ಸಮೇತ ಬೀದಿಗಿಳಿದರು. ಮೂವತ್ತು ವರ್ಷ ಪಾಠ ಹೇಳಿದ ಗಂಟಲು. "ಒಳಗೆ ಹೋಗಬೇಡ್ರೋ! ಅಂಟುರೋಗ!" ಎಂದದ್ದು ಬೀದಿಯ ಕೊನೆಗೂ ಕೇಳಿಸಿತು.

ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ನಾಲ್ವರು ಕಾದ ಹೆಂಚಿಗೆ ಬಿದ್ದ ಹನಿಗಳಂತೆ ಮಾಯವಾದರು. ನಾಜೂಕಣ್ಣ ಕತ್ತಿ ಹಿಡಿದೇ ನಿಂತಿದ್ದ. ಇಪ್ಪತ್ತು ವರ್ಷದಲ್ಲಿ ಒಬ್ಬರ ಗಲ್ಲಕ್ಕೂ ಗೀರು ಬೀಳಿಸದ ಕೈ ಅದು. ಆ ಹೆಸರು ಬಂದಿದ್ದೇ ಹಾಗೆ.

ಪಕ್ಕದಂಗಡಿಯ ದರ್ಜಿ ಓಡಿ ಬಂದ. ಆದರೆ ಹೊಸ್ತಿಲು ದಾಟಲಿಲ್ಲ. ಅಳತೆ ಟೇಪನ್ನು ಮಾರುದೂರದಿಂದಲೇ ಗಾಳಿಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ.

"ಒಂದೂಕಾಲು ಇಂಚು. ಹುಳುಕಡ್ಡಿ, ಅನುಮಾನವೇ ಬೇಡ. ಬೆಳ್ಳುಳ್ಳಿ ಜಜ್ಜಿ ಕಟ್ಟು, ಸಂಜೆಯೊಳಗೆ ಸುಟ್ಟುಹೋಗುತ್ತೆ."

ಸುಟ್ಟಿದ್ದು ನಿಜ. ಮಧ್ಯಾಹ್ನ ಕಣ್ಣೀರು ಸುರಿಸುತ್ತಾ ಕೈಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರೆ, ಬಿಲ್ಲೆ ಇದ್ದಲ್ಲೇ ಇತ್ತು. ಅದರ ಸುತ್ತ ಮಾತ್ರ ನೀರುಗುಳ್ಳೆಗಳು ಸಾಲಾಗಿ ಎದ್ದಿದ್ದವು.

ಎದುರು ಜಗಲಿಯಿಂದ ಮೇಷ್ಟ್ರು ಕಿರುಚಿದರು. "ಅಯ್ಯಯ್ಯೋ, ಸರ್ಪಸುತ್ತು! ಕೈ ಸುತ್ತಿ ಬಂದು ತಲೆಗೆ ಬಾಲ ಸೇರ್ತೋ, ನಿನ್ನ ಕಥೆ ಮುಗೀತು!"

ನಾಜೂಕಣ್ಣ ಮಣಿಕಟ್ಟಿನ ಸುತ್ತ ಬೆರಳಾಡಿಸಿ ಅಳೆದ. "ಸೇರೋಕೆ... ಎಷ್ಟು ಹೊತ್ತು ಬೇಕು ಮೇಷ್ಟ್ರೇ?"

"ನಿಂದು ಸಣಕಲು ಕೈ. ಜಾಸ್ತಿ ಹೊತ್ತಿಲ್ಲ."

ಆಗ ಊಟದ ಡಬ್ಬಿ ಹಿಡಿದು ಬಂದ ಹೆಂಡತಿ ಗಂಡನ ಮುಖ ನೋಡಿದಳು, ಕೈ ನೋಡಿದಳು, ಎದುರು ಜಗಲಿಯನ್ನೂ ನೋಡಿದಳು. "ಬೀದಿಯವರೆಲ್ಲ ಡಾಕ್ಟ್ರಾದ್ರೆ ಓದಿದವರೇನು ಮಣ್ಣು ತಿನ್ಬೇಕಾ? ನಡೀರಿ!"

ಚರ್ಮದ ಡಾಕ್ಟರಮ್ಮ ಬಿಲ್ಲೆಯನ್ನು ಭೂತಗನ್ನಡಿಯಲ್ಲಿ ನೋಡಿದರು. ಹೊಟ್ಟು ಕೆರೆದು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

"ಹುಳುಕಡ್ಡಿ ಅಲ್ಲ. ಅದಾದ್ರೆ ಉಂಗುರದ ಹಾಗೆ ಅಂಚು ಉಬ್ಬಿರುತ್ತೆ, ನಡುವೆ ಚರ್ಮ ತಿಳಿಯಾಗಿರುತ್ತೆ, ದಿನೇ ದಿನೇ ಹರಡುತ್ತೆ. ಅದು ಅಂಟುತ್ತೆ, ಬಟ್ಟೆಯಿಂದ್ಲೂ ಅಂಟುತ್ತೆ. ನಿಮ್ಮದು ಇಸುಬು. ದಿನವೆಲ್ಲ ಸೋಪಿನ ನೊರೆಯಲ್ಲಿ ಕೈಯಾಡಿಸಿ ಚರ್ಮ ಒಣಗಿದೆ. ಯಾರಿಗೂ ಅಂಟಲ್ಲ."

"ಮತ್ತೆ ಈ ಸರ್ಪಸುತ್ತು?"

"ಸರ್ಪಸುತ್ತೆಲ್ಲಿ ಬಂತು? ಇದು ಬೆಳ್ಳುಳ್ಳಿ ಸುಟ್ಟ ಗಾಯ. ಯಾರು ಹೇಳಿದ್ದು ಹಚ್ಚೋಕೆ?"

"ದರ್ಜಿ," ಎಂದ ನಾಜೂಕಣ್ಣ. ಡಾಕ್ಟರಮ್ಮ ಹಣೆ ಹಣೆ ಚಚ್ಚಿಕೊಂಡು ಮುಲಾಮು ಬರೆದುಕೊಟ್ಟರು. ಅವನು ಅಂಗಲಾಚಿದ್ದಕ್ಕೆ 'ಅಂಟುರೋಗವಲ್ಲ' ಎಂದು ಬೇರೆ ಚೀಟಿಯಲ್ಲಿ ಬರೆದು ಸಹಿಯನ್ನೂ ಹಾಕಿದರು.

ಚೀಟಿ ಬಾವುಟದಂತೆ ಹಿಡಿದು ನಾಜೂಕಣ್ಣ ಬೀದಿಯ ಉದ್ದಕ್ಕೂ ಓದಿ ಹೇಳುತ್ತಾ ಬಂದ. ಅಂಗಡಿ ಸೇರುವಷ್ಟರಲ್ಲಿ ಬೆಂಚು ತುಂಬಿತ್ತು. ದರ್ಜಿ, ಅರ್ಧ ಮುಖದ ಮೇಷ್ಟ್ರು, ಬೆಳಗ್ಗೆ ಓಡಿದ ನಾಲ್ವರು, ಎಲ್ಲರೂ ಹಾಜರ್. ಅವನ ಕಣ್ಣು ತುಂಬಿ ಬಂತು.

"ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ."

ಮೇಷ್ಟ್ರು ಕೂರಲಿಲ್ಲ. ಬಾಗಿಲು ಅರೆಮುಚ್ಚಿ, ಅಂಗಿ ಮೇಲೆತ್ತಿ ಹೊಟ್ಟೆ ತೋರಿಸಿದರು. "ಡಾಕ್ಟ್ರಿಗೆ ತೋರಿಸೋಕೆ ನಾಚಿಕೆ ಕಣಯ್ಯ. ಮೂರು ತಿಂಗಳಾಯ್ತು. ಆ ಮುಲಾಮು ನಂಗೂ ಸ್ವಲ್ಪ ಕೊಡು."

ಉಬ್ಬಿದ ಅಂಚು. ನಡುವೆ ತಿಳಿ ಚರ್ಮ. ನಾಜೂಕಣ್ಣ ಒಂದು ಹೆಜ್ಜೆ ಹಿಂದೆ ಸರಿದ.

"ನಂದೂ ನೋಡಣ್ಣ," ದರ್ಜಿ ಕಾಲರು ಬಿಡಿಸಿದ. ಕತ್ತಿನ ಸುತ್ತ ಅಂಥವೇ ಮೂರು ಉಂಗುರ. ಬೆಂಚಿನ ನಾಲ್ವರೂ ಒಬ್ಬರ ಹಿಂದೊಬ್ಬರು ತೋಳು, ತೊಡೆ, ಕಂಕುಳು ಎಂದು ಬಿಚ್ಚಿ ನಿಂತರು. ಒಬ್ಬ ಬರೀ ಹಿಂದಲೆ ತೋರಿಸಿದ. ಅಲ್ಲಿ ಉಂಗುರದ ಜೊತೆ ಕೂದಲೂ ಉದುರಿತ್ತು.

"ಮುಟ್ಟಬೇಡ್ರಪ್ಪೋ!" ನಾಜೂಕಣ್ಣ ಗೋಡೆಗೆ ಬೆನ್ನು ಹಚ್ಚಿದ. "ಇದು ಹುಳುಕಡ್ಡಿ! ಮುಲಾಮು ಬೇರೆ, ಡಾಕ್ಟ್ರ ಹತ್ರ ಹೋಗಿ!"

"ಹುಳುಕಡ್ಡಿನಾ? ನಮಗೆಲ್ಲಾ ಒಟ್ಟಿಗೆ ಎಲ್ಲಿಂದ ಬಂತು?" ದರ್ಜಿ ಕೇಳಿದ.

ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ಕುರ್ಚಿಯ ಬೆನ್ನಿನ ಮೇಲಿದ್ದ ಬಟ್ಟೆಯ ಕಡೆ ತಿರುಗಿದವು. ಎಲ್ಲರ ಕೊರಳಿಗೂ ಕಟ್ಟುತ್ತಿದ್ದ ಒಂದೇ ಒಂದು ಬಟ್ಟೆ. ತಿಂಗಳಿಗೊಮ್ಮೆ ಒಗೆತ ಕಂಡರೆ ಹೆಚ್ಚು.

ನಾಜೂಕಣ್ಣ ಚೀಟಿಯನ್ನು ಮೆಲ್ಲಗೆ ಜೇಬಿಗಿಳಿಸಿ ಹಿಂಬಾಗಿಲಿನ ಕಡೆ ಜರುಗಿದ. ಅಲ್ಲಿ ಹೆಂಡತಿ ಅಡ್ಡ ನಿಂತಿದ್ದಳು.

"ಒಂದು ನಿಮಿಷ," ಎಂದಳು. ಮೊಣಕೈಯವರೆಗೆ ಸೆರಗು ಹೊದ್ದಿದ್ದ ತನ್ನ ತೋಳನ್ನು ನಿಧಾನವಾಗಿ ಹೊರತೆಗೆದಳು. ಅಲ್ಲೂ ಅಂಥದ್ದೇ ಉಂಗುರ. "ಮನೇಲಿ ಆ ಬಟ್ಟೆ ಒಗೆಯೋದು ಯಾರು ಅಂತ ನೆನಪಿದೆಯಾ?"