ರಾಮಾ ಗ್ರೀನ್ ರೆಕ್ಕೆಯ ಪಾರಿವಾಳ

ಹಕ್ಕಿ ನೋಡಲು ಕಾಡಿಗೆ ಹೋದರೆ ಹಕ್ಕಿಗಿಂತ ಮೊದಲು ಮನುಷ್ಯರ ಗುಣ ಕಾಣಿಸುತ್ತದೆ. ಪ್ರತಿ ಭಾನುವಾರ ನನಗೆ ಇದೇ ಅನುಭವ. ನಾನು ಡೊಂಬಿವಲಿಯಲ್ಲಿ ಮ್ಯಾಚಿಂಗ್ ಸೆಂಟರ್ ನಡೆಸುವವಳು. ಸೀರೆ ತಂದರೆ ಅದಕ್ಕೊಪ್ಪುವ ಬ್ಲೌಸ್ ಪೀಸ್ ಕೊಡುತ್ತೇನೆ. ಶಾಲೆಗೆ ಹೋದದ್ದು ಏಳನೆಯವರೆಗೆ. ಹಕ್ಕಿ ಪುಸ್ತಕ ಓದಲು ಕಲಿತದ್ದು ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ, ಯಾರ ಹಂಗೂ ಇಲ್ಲದೆ.

೧. ಹಾರಿಹೋದ ಸಾಕ್ಷಿ

ನಮ್ಮ ತಂಡದ ಮುಂದಾಳು ಧಾರವಾಡ ಕಡೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು. ಠಾಣೆಯ ಯೇವೂರು ಕಾಡಿನ ದಾರಿಯಲ್ಲಿ ಒಂದು ಹಕ್ಕಿ ತರಗೆಲೆಗಳ ನಡುವೆ ಹೆಕ್ಕುತ್ತ ನಡೆಯುತ್ತಿತ್ತು. ಅವರು ತಿರುಗುವಷ್ಟರಲ್ಲಿ ಹಾರಿಹೋಯಿತು.

“ಹರಿಯಾಲ್,” ಎಂದರು. ಹಳದಿ ಕಾಲಿನ ಹಸಿರು ಪಾರಿವಾಳಕ್ಕೆ ಇಲ್ಲಿಯ ಹೆಸರು ಅದು.

“ಅದು ಮರ ಬಿಟ್ಟು ಇಳಿಯುವುದೇ ಅಪರೂಪ ಸರ್. ಇದು ಪಚ್ಚೆ ಪಾರಿವಾಳ. ಕೊಕ್ಕು ಕೆಂಪು, ಎದೆ ಆನಿಯನ್ ಪಿಂಕ್, ರೆಕ್ಕೆ ರಾಮಾ ಗ್ರೀನ್. ಹಾರುವಾಗ ಬೆನ್ನ ಕೆಳಗೆ ಎರಡು ಬಿಳಿ ಪಟ್ಟೆ.”

“ಅಕ್ಕಾರ, ಇದು ಅಂಗಡಿ ಅಲ್ರಿ. ತೋರಸ್ರಿ, ಒಪ್ಪತೀನಿ.”

“ತೋರಿಸುತ್ತೇನೆ. ಅಲ್ಲಿಯವರೆಗೆ ಪ್ರತಿ ಭಾನುವಾರ ನಿಮ್ಮ ಪಕ್ಕದಲ್ಲೇ ನಡೆಯುತ್ತೇನೆ,” ಎಂದೆ.

ಅವರು ಆಗಲೇ ಪೊದೆಗಳಲ್ಲಿ ಗಂಭೀರವಾಗಿ ಹುಡುಕತೊಡಗಿದರು.

೨. ಕಾಡಿಗೆ ಬ್ಲೌಸ್ ಪೀಸ್

ಮುಂದಿನ ವಾರಕ್ಕೆಂದು ರಾಮಾ ಗ್ರೀನ್ ಬಟ್ಟೆಯ ತಾನಿನಿಂದ ಒಂದು ತುಂಡು ಕತ್ತರಿಸಿ ಪರ್ಸಿನಲ್ಲಿಟ್ಟೆ. ಅಂಗಡಿಗೆ ಬಂದಿದ್ದ ಉಡುಪಿ ಕಡೆಯ ಗಿರಾಕಿಯೊಬ್ಬರು ನೋಡುತ್ತಿದ್ದರು.

“ಅದು ಎಂತಕ್ಕೆ ಅಕ್ಕ?”

“ಒಂದು ಹಕ್ಕಿಗೆ ಮ್ಯಾಚ್ ಮಾಡಲಿಕ್ಕೆ.”

ಅವರು ತುಂಡನ್ನು ಮುಟ್ಟಿ ನೋಡಿದರು. “ಕಾಟನ್ ಅಲ್ವಾ? ಒಮ್ಮೆ ನೀರಲ್ಲಿ ಹಾಕಿ ತಕೊಂಡು ಹೋಗಿ. ಮತ್ತೆ ಹಕ್ಕಿಗೆ ಬಿಗಿಯಾದೀತು.”

೩. ಬಿಸಿಲಿಗೆ ಬಂದ ಮೇಲೆ

ಆ ಭಾನುವಾರ ಮ್ಯಾನೇಜರ ಹೆಂಡತಿಯೂ ಬಂದಿದ್ದರು. ಬಿದಿರು ಮೆಳೆಯ ನೆರಳಲ್ಲಿ ಅದೇ ಹಕ್ಕಿ ಸಿಕ್ಕಿತು.

“ಕಂದು ಐತಲ್ರಿ. ಯಾವುದೋ ಬೆಳವದ ಹಕ್ಕಿ,” ಎಂದರು ಮ್ಯಾನೇಜರು.

“ತಡೆಯಿರಿ ಸರ್. ಟ್ಯೂಬ್‌ಲೈಟಿನಲ್ಲಿ ಬಣ್ಣ ನೋಡಿ ಒಯ್ದವರೇ ಮರುದಿನ ಬದಲಾಯಿಸಲು ಬರುವುದು.”

ಹಕ್ಕಿ ಮೆಲ್ಲಗೆ ನಡೆದು ಬಿಸಿಲಿಗೆ ಬಂತು. ರೆಕ್ಕೆ ಹೊಳೆಯಿತು. ನಾನು ಬಟ್ಟೆಯ ತುಂಡನ್ನು ಎತ್ತಿ ಹಿಡಿದೆ.

“ಸ್ವಲ್ಪ ಫರಕ್ ಐತಿ,” ಎಂದರು.

ಹೆಂಡತಿ ಅವರ ಕೈಯಿಂದ ದುರ್ಬೀನು ಕಿತ್ತುಕೊಂಡು ನೋಡಿದರು. “ಏನೂ ಫರಕ್ ಇಲ್ರಿ, ರಾಮಾ ಗ್ರೀನೇ. ಇವರ ಮಾತು ಬಿಡ್ರಿ. ನನ್ನ ನೀಲಿ ಸೀರಿಗೆ ಕರೀ ಬ್ಲೌಸ್ ಪೀಸ್ ತಂದು ಮ್ಯಾಚಿಂಗ್ ಅಂದವ್ರು.”

ತಂಡವೆಲ್ಲ ನಕ್ಕಿತು. ಮ್ಯಾನೇಜರು ಕೆಮ್ಮಿದರು. “ಆತ್ರಿ ಅಕ್ಕಾರ, ಪಚ್ಚೆ ಪಾರಿವಾಳನ. ಒಪ್ಪಿದೆ. ಗಂಡೋ ಹೆಣ್ಣೋ, ಅದನ್ನಾದರೂ ಹೇಳ್ರಿ ನೋಡೂಣು.”

ನೆತ್ತಿ ಬೂದು, ಭುಜದಲ್ಲಿ ಬಿಳಿ ಗುರುತು. ಹೆಣ್ಣಿಗೆ ಇವು ಇಷ್ಟು ಎದ್ದು ಕಾಣುವುದಿಲ್ಲ. “ಗಂಡು,” ಎಂದೆ.

“ಗಂಡೇ ಇರಬೇಕ್ರಿ,” ಎಂದರು ಹೆಂಡತಿ, ದುರ್ಬೀನು ಇಳಿಸದೆ. “ಹಣ್ಣು ಕಾಲ ಬುಡಕ್ಕ ಬಿದ್ದೈತಿ, ಊರೆಲ್ಲಾ ಹುಡುಕಾಕತ್ತೈತಿ.”